ಡಾಕ್ಟರು ಮಂಗಳೂರಿನಲ್ಲಿ, ಮನೆ ಬದಿಯಡ್ಕದಲ್ಲಿ: ಮನೋರೋಗಿಗೆ ಊರಿನ ಆರೈಕೆ ಕಟ್ಟಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. 9 ವರ್ಷದಿಂದ ಸ್ಕಿಜೋಫ್ರೀನಿಯಾ ಎಂಬ ಮನೋರೋಗ. ಮಂಗಳೂರಿನ ಖಾಸಗಿ ಆಸ್ಪತ್ರೆಯ ಮದ್ದು. ಸರಿಯಾಗಿ ತೆಗೆದುಕೊಂಡಷ್ಟು ದಿನ ತೋಟದ ಕೆಲಸಕ್ಕೂ ಕೈ ಹಾಕುತ್ತಾನೆ. ವರ್ಷಕ್ಕೊಮ್ಮೆ ನಿಲ್ಲಿಸಿಬಿಡುತ್ತಾನೆ, ಮತ್ತೆ ಕೆಡುತ್ತದೆ. ಅಪ್ಪ ಅನುದಾನಿತ ಕನ್ನಡ ಶಾಲೆಯ ನಿವೃತ್ತ ಅಧ್ಯಾಪಕರು, 74 ವರ್ಷ. ಅಮ್ಮನಿಗೆ 68. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಮದುವೆಯಾಗಿ ಪುತ್ತೂರಿನಲ್ಲಿದ್ದೇನೆ. ಅವನನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸೋಣ ಎಂದು ಅಪ್ಪ ಹೇಳುತ್ತಾರೆ. ವಾರ್ಡ್ ಮೆಂಬರು ಬಡ್ಸ್ ಶಾಲೆಯಲ್ಲಿ ವಿಚಾರಿಸಿ ಎಂದರು. ಊರಿನಲ್ಲೇ ಏನಾದರೂ ಸಹಾಯ ಸಿಗುತ್ತದೆಯೇ? ಅಪ್ಪ-ಅಮ್ಮನ ನಂತರ ಏನು? ನಮಗೆ ಮಲಯಾಳ ಓದಲು ಬರುವುದಿಲ್ಲ.

ಉತ್ತರ: ಮೊದಲು ಬಡ್ಸ್ ವಿಚಾರ ಮುಗಿಸೋಣ, ಏಕೆಂದರೆ ಇಲ್ಲಿ ಓಡಾಟ ವ್ಯರ್ಥವಾಗುತ್ತದೆ. ಬಡ್ಸ್ ಶಾಲೆ, 18 ದಾಟಿದವರ ಬಡ್ಸ್ ಪುನರ್ವಸತಿ ಕೇಂದ್ರ, ಎರಡೂ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ಪಂಚಾಯತು ಮತ್ತು ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಕೂಟ ಸೇರಿ ನಡೆಸುವಂಥವು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಕಡೆ ಎಂಡೋಸಲ್ಫಾನ್ ಕೀಟನಾಶಕದ ದುರಂತದಿಂದಾಗಿ ಬಡ್ಸ್ ಹೆಸರು ಎಲ್ಲರಿಗೂ ಗೊತ್ತು. ಹಾಗಾಗಿ ಯಾವ ಮನೆಯಲ್ಲಿ ಯಾವ ತೊಂದರೆ ಇದ್ದರೂ ಜನ ಅದೇ ಬಾಗಿಲು ತೋರಿಸುತ್ತಾರೆ. 25ನೇ ವಯಸ್ಸಿಗೆ ಕಾಯಿಲೆ ಬಿದ್ದವನನ್ನು ಅಲ್ಲಿ ಕೂರಿಸಿದರೆ ಅವನಿಗೆ ಅವಮಾನ, ಅಲ್ಲಿನ ಟೀಚರಿಗೆ ಗೊಂದಲ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯೂ ಹಾಗೆಯೇ. ಅದು ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ ಪರೀಕ್ಷಿಸಿ ಮಾಡಿದ ಪಟ್ಟಿ, ಮನೋರೋಗ ಇದ್ದ ಮಾತ್ರಕ್ಕೆ ಹೆಸರು ಸೇರುವುದಿಲ್ಲ.

ನಿಮ್ಮ ಮನೆಯ ನಿಜವಾದ ತೊಡಕು ಬೇರೆ. ಡಾಕ್ಟರು ಕರ್ನಾಟಕದಲ್ಲಿದ್ದಾರೆ, ನಿಮ್ಮ ತಮ್ಮನಿಗೆ ಸಲ್ಲಬೇಕಾದ ಉಚಿತ ಮದ್ದು, ಆಶಾ ಕಾರ್ಯಕರ್ತೆ, ಹಗಲು ಕೇಂದ್ರ, ಪ್ರಮಾಣಪತ್ರ, ಪಿಂಚಣಿ ಎಲ್ಲ ಕೇರಳದಲ್ಲಿವೆ. ಈ ಎರಡರ ನಡುವೆ ಒಂದು ಕಾಗದವೂ ಓಡಾಡಿಲ್ಲ. ಬದಿಯಡ್ಕದ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ನಿಮ್ಮ ತಮ್ಮ ಎಂಬ ರೋಗಿಯೇ ಇಲ್ಲ. ಮಂಗಳೂರಿನ ಡಾಕ್ಟರಿಗೆ ಬದಿಯಡ್ಕದಲ್ಲಿ ಏನಿದೆ ಎಂದು ಗೊತ್ತಿರಬೇಕಾಗಿಯೂ ಇಲ್ಲ. ಮಂಗಳೂರಿನ ಡಾಕ್ಟರನ್ನು ಬಿಡಿ ಎನ್ನುತ್ತಿಲ್ಲ. ಕನ್ನಡ, ತುಳು ಬಲ್ಲ ಮನೋವೈದ್ಯರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲಾಗುತ್ತದೆ ಎಂಬುದು ಈ ಕಾಯಿಲೆಯಲ್ಲಿ ಸಣ್ಣ ವಿಷಯವಲ್ಲ. ಆದರೆ ದಿನನಿತ್ಯದ ಆರೈಕೆ ಗಡಿಯಾಚೆ ನೇತಾಡಬಾರದು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆಂದು ಗಡಿಯ ತಲಪಾಡಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಒದ್ದಾಡಿದ್ದು ಗಡಿನಾಡಿನ ಎಲ್ಲರಿಗೂ ನೆನಪಿದೆ.

ಆದ್ದರಿಂದ ಮೊದಲ ಕೆಲಸ ಒಂದು ಪತ್ರ. ಮುಂದಿನ ಸಲ ಮಂಗಳೂರಿಗೆ ಹೋದಾಗ ಚೀಟಿ ಮಾತ್ರ ತರಬೇಡಿ, ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಚಿಕಿತ್ಸಾ ಸಾರಾಂಶ ಬರೆಸಿಕೊಳ್ಳಿ. ಅದರಲ್ಲಿ ಇರಬೇಕಾದ್ದು ಇಷ್ಟು: ಕಾಯಿಲೆಯ ಹೆಸರು, ಯಾವ ವರ್ಷ ಶುರುವಾಯಿತು, ಮೊದಲು ತೋರಿಸಿದ ತಾರೀಕು, ಎಷ್ಟು ಸಲ ದಾಖಲಾಗಿದ್ದ, ಯಾವ ಮದ್ದು ಕೊಟ್ಟು ನೋಡಿ ಯಾಕೆ ಬಿಟ್ಟರು, ಈಗಿನ ಮದ್ದು ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ, ಕೆಡುವ ಸೂಚನೆ ಕಂಡರೆ ಮೊದಲು ಏನು ಮಾಡಬೇಕು. ಮದ್ದಿನ ಹೆಸರು ಕಂಪನಿಯ ಬ್ರಾಂಡಿನದ್ದಲ್ಲ, ಮೂಲ ಔಷಧದ್ದಾಗಿರಲಿ. ಇದನ್ನು ಒತ್ತಿ ಹೇಳಬೇಕು. ಖಾಸಗಿ ಚೀಟಿಯಲ್ಲಿ ಸಾಮಾನ್ಯವಾಗಿ ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್ ಎರಡೂ ಸೇರಿದ ಒಂದೇ ಗುಳಿಗೆ ಬರೆದಿರುತ್ತದೆ. ಸರ್ಕಾರಿ ಔಷಧಾಲಯದಲ್ಲಿ ಇವು ಬೇರೆ ಬೇರೆ ಗುಳಿಗೆಯಾಗಿ ಇರುತ್ತವೆ. ಕಿಟಕಿಯಲ್ಲಿ ಬ್ರಾಂಡಿನ ಹೆಸರು ತೋರಿಸಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಮನೆಯವರು ಅಷ್ಟಕ್ಕೇ ಹಿಂದಿರುಗುತ್ತಾರೆ.

ಆ ಪತ್ರದ ಎರಡು ಪ್ರತಿ ಹಿಡಿದು ಬದಿಯಡ್ಕದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೇಳಬೇಕಾದ ಪ್ರಶ್ನೆ ಒಂದೇ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ, ಎಲ್ಲಿ? ಮನೋವೈದ್ಯರು, ಮನಃಶಾಸ್ತ್ರಜ್ಞರು, ಸೋಶಿಯಲ್ ವರ್ಕರ್, ನರ್ಸ್ ಇರುವ ಈ ತಂಡ ಜಿಲ್ಲೆಯ ಆರೋಗ್ಯ ಕೇಂದ್ರಗಳಿಗೆ ಸುತ್ತು ಬರುತ್ತದೆ; ಒಂದು ಕಡೆಗೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಮೊದಲ ಸಲ ತಮ್ಮನನ್ನು ಕರೆದುಕೊಂಡೇ ಹೋಗಬೇಕು, ರೋಗಿಯನ್ನು ನೋಡದೆ ಹೆಸರು ದಾಖಲಿಸುವುದಿಲ್ಲ. ಒಮ್ಮೆ ದಾಖಲಾದರೆ ತಿಂಗಳ ಮದ್ದು ಹತ್ತಿರದ ಕೇಂದ್ರದಲ್ಲೇ ಪುಕ್ಕಟೆ ಸಿಗುವ ದಾರಿ ಆಗುತ್ತದೆ, ಆಶಾ ಕಾರ್ಯಕರ್ತೆಯ ಪಟ್ಟಿಗೂ ಹೆಸರು ಸೇರುತ್ತದೆ. ಮಂಗಳೂರಿನ ಡಾಕ್ಟರನ್ನು ಮೂರು ಅಥವಾ ಆರು ತಿಂಗಳಿಗೊಮ್ಮೆ ಕಂಡರೆ ಸಾಕಾಗಬಹುದು. ಅದನ್ನು ಅವರೇ ಹೇಳಲಿ.

ಇಲ್ಲಿ ಕೆಡುವುದು ಹೇಗೆ ಗೊತ್ತೇ? ಬರೆದ ಮದ್ದು ಸರ್ಕಾರಿ ದಾಸ್ತಾನಿನಲ್ಲಿ ಇಲ್ಲದಾಗ ಅದೇ ಗುಂಪಿನ ಇನ್ನೊಂದನ್ನು ಕೊಡುವುದುಂಟು. ಬದಲಾವಣೆ ತಪ್ಪೆಂದಲ್ಲ. ಆದರೆ ಇಬ್ಬರು ಡಾಕ್ಟರಿಗೂ ಗೊತ್ತಿಲ್ಲದೆ ಬದಲಾಗಬಾರದು. ಇಲ್ಲವಾದರೆ ತಮ್ಮ ಎರಡು ಕಡೆಯ ಮದ್ದನ್ನೂ ನುಂಗುತ್ತಿರುತ್ತಾನೆ, ಇಲ್ಲವೇ ಒಂದನ್ನೂ ಇಲ್ಲ. ಒಂದೇ ನೋಟ್‌ಬುಕ್ ಇಡಿ, ಇಬ್ಬರೂ ಅದರಲ್ಲೇ ಬರೆಯಲಿ. ಮತ್ತೆ ಮನೆಯಲ್ಲಿ ಯಾವಾಗಲೂ 10 ದಿನದ ಮದ್ದು ಮೀಸಲು ಇರಲಿ. ಹರತಾಳ, ಜಡಿಮಳೆ, ದಾಸ್ತಾನು ಮುಗಿದದ್ದು, ಇವು ಹೇಳಿ ಬರುವುದಿಲ್ಲ.

ವರ್ಷಕ್ಕೊಮ್ಮೆ ನಿಲ್ಲಿಸುತ್ತಾನೆ ಎಂದಿರಿ. ಯಾಕೆ ಎಂದು ಅವನನ್ನೇ ಕೇಳಿದ್ದೀರಾ? ‘ಹಟ’ ಎಂದು ಮನೆಯವರು ತಿಳಿದದ್ದು ಬಹಳ ಸಲ ಅಡ್ಡ ಪರಿಣಾಮವಾಗಿರುತ್ತದೆ. ಬೆಳಿಗ್ಗೆ ಏಳಲಾಗದ ಮಂಪರು, ಬಾಯಿಯಿಂದ ಜೊಲ್ಲು, ಮೈ ಬಿಗಿತ, ತೂಕ ಏರಿಕೆ, ಗಂಡಸರು ಬಾಯಿ ಬಿಟ್ಟು ಹೇಳದ ಲೈಂಗಿಕ ತೊಂದರೆ. ಇನ್ನೊಂದಿದೆ, ಅದನ್ನು ಗುರುತಿಸುವವರು ಕಡಿಮೆ: ಕೂತಲ್ಲಿ ಕೂರಲಾಗದ ಚಡಪಡಿಕೆ. ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಾನೆ, ಕಾಲು ಸುಮ್ಮನಿರದು. ನೋಡಿದವರಿಗೆ ಕಾಯಿಲೆ ಜೋರಾದಂತೆ ಕಾಣುತ್ತದೆ. ನಿಜದಲ್ಲಿ ಅದು ಮದ್ದಿನಿಂದ ಬಂದದ್ದಾಗಿರಬಹುದು, ಪ್ರಮಾಣ ಹೆಚ್ಚಿಸಿದರೆ ಮತ್ತಷ್ಟು ಆಗುತ್ತದೆ. ಮದ್ದು ಶುರು ಮಾಡಿದ ಅಥವಾ ಹೆಚ್ಚಿಸಿದ ಮೇಲೆ ಇದು ಕಂಡರೆ ಡಾಕ್ಟರಿಗೆ ಈ ಮಾತುಗಳಲ್ಲೇ ಹೇಳಿ. ಪ್ರಮಾಣ ಇಳಿಸಿಯೋ ಮದ್ದು ಬದಲಿಸಿಯೋ ಸರಿಪಡಿಸುತ್ತಾರೆ.

ಅನ್ನದಲ್ಲಿ, ಸಾರಿನಲ್ಲಿ ಮದ್ದು ಬೆರೆಸಿ ಕೊಡುವ ಮನೆಗಳಿವೆ. ಬೇಡ. ಎಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ‘ಮನೆಯವರು ಊಟಕ್ಕೆ ವಿಷ ಹಾಕುತ್ತಾರೆ’ ಎಂದು ಅನುಮಾನ ಪಡುವವನಿಗೆ ಒಂದು ದಿನ ಅದು ಗೊತ್ತಾದರೆ, ಅವನ ಅನುಮಾನವನ್ನು ನೀವೇ ನಿಜ ಮಾಡಿಕೊಟ್ಟಂತೆ. ದಿನಾ ಗುಳಿಗೆ ಬೇಡವೆಂದರೆ ತಿಂಗಳಿಗೊಮ್ಮೆ ಅಥವಾ ಎರಡು-ಮೂರು ವಾರಕ್ಕೊಮ್ಮೆ ಕೊಡುವ ದೀರ್ಘಾವಧಿ ಇಂಜೆಕ್ಷನ್ ಇದೆ. ಫ್ಲೂಫೆನಜಿನ್ ಡೆಕನೋಯೇಟ್ ಅಂಥದ್ದು, ಅಗ್ಗ. ಅವನ ಒಪ್ಪಿಗೆ ಕೇಳಿ, ಡಾಕ್ಟರರ ಜೊತೆ ಮಾತಾಡಿ. ಮಂಗಳೂರಿನಲ್ಲಿ ಬರೆಸಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಲು ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಇಂಜೆಕ್ಷನ್ ತಪ್ಪಿದರೆ ಅದೇ ದಿನ ಗೊತ್ತಾಗುತ್ತದೆ, ಗುಳಿಗೆ ತಪ್ಪಿದರೆ ಕಾಯಿಲೆ ಕೆಟ್ಟ ಮೇಲೆ.

ಅವನಿಗೆ ಬೀಡಿಯ ಅಭ್ಯಾಸವಿದೆಯೇ? ಒಲಾಂಜಪಿನ್ ಅಥವಾ ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಹೊಗೆ ಸೇದುವುದರಿಂದ ರಕ್ತದಲ್ಲಿ ಮದ್ದಿನ ಮಟ್ಟ ಇಳಿಯುತ್ತದೆ. ಥಟ್ಟನೆ ಬಿಟ್ಟರೆ ಅದೇ ಪ್ರಮಾಣದಲ್ಲಿ ಮಟ್ಟ ಏರಿ ವಿಪರೀತ ಮಂಪರಾಗುತ್ತದೆ. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಲಿ. ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಇವನ್ನು ಮದ್ದು ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಸಕ್ಕರೆ, ಬಿ.ಪಿ.ಗೆ ಆರೋಗ್ಯ ಕೇಂದ್ರದ ಜೀವನಶೈಲಿ ರೋಗಗಳ ಕ್ಲಿನಿಕ್ ಸಾಕು. ದೈವದ ಪ್ರಶ್ನೆ, ಹರಕೆ ಎಂದು ಅಪ್ಪ-ಅಮ್ಮ ಹೊರಟರೆ ಜಗಳಾಡಬೇಡಿ, ಗುಳಿಗೆ ಡಬ್ಬಿ ಜೊತೆಗೆ ಹೋಗಲಿ.

ಇನ್ನು ಹಗಲಿನ ಮಾತು. ತಂದೆ-ಮಗ ಇಡೀ ದಿನ ಒಂದೇ ಜಗಲಿಯಲ್ಲಿ ಎದುರುಬದುರು ಕೂತಿರುವುದು ಇಬ್ಬರಿಗೂ ಒಳ್ಳೆಯದಲ್ಲ. ‘ಇನ್ನೂ ಎದ್ದಿಲ್ಲವಾ, ಸ್ನಾನ ಮಾಡಿಲ್ಲವಾ’ ಎಂಬ ಬೆನ್ನು ಬಿಡದ ಮಾತು, ಹಂಗಿಸುವುದು, ಇವು ಹೆಚ್ಚಿರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು ಎಂದು ಲಂಡನ್ನಿನಲ್ಲಿ 1970ರ ದಶಕದಲ್ಲೇ ಅಧ್ಯಯನವಾಗಿದೆ. ಅಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ ಕಂಡಿತ್ತು. ಹಾಗಾಗಿ ದಿನಕ್ಕೆ ನಾಲ್ಕೈದು ಗಂಟೆ ಅವನು ಹೊರಗಿರುವುದೂ ಚಿಕಿತ್ಸೆಯ ಭಾಗವೇ.

ಇದಕ್ಕಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ‘ಪಗಲ್‌ವೀಡು’ ಎಂಬ ಹಗಲು ಕೇಂದ್ರಗಳಿವೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಕೈಕೆಲಸ, ಮದ್ದಿನ ಮೇಲ್ವಿಚಾರಣೆ, ಜನರೊಡನೆ ಮಾತು. ಎಚ್ಚರ: ಪಂಚಾಯತುಗಳು ವೃದ್ಧರಿಗಾಗಿ ನಡೆಸುವ ಹಗಲು ಮನೆಗೂ ಅದೇ ಹೆಸರು. ‘ಪಗಲ್‌ವೀಡು ಎಲ್ಲಿದೆ’ ಎಂದು ಪಂಚಾಯತಿನಲ್ಲಿ ಕೇಳಿದರೆ ವೃದ್ಧರದ್ದನ್ನೇ ತೋರಿಸಿಯಾರು. ಕ್ಲಿನಿಕ್ಕಿಗೆ ಬರುವ ಸೋಶಿಯಲ್ ವರ್ಕರ್ ಬಳಿ ಕೇಳುವುದು ಸರಿ. ಕೇಂದ್ರ ದೂರವಿದ್ದರೆ ಬಸ್ಸಿನ ತೊಂದರೆಯಿಂದಲೇ ತಪ್ಪಿಹೋಗುತ್ತದೆ. ವಾರಕ್ಕೆ ಎರಡು ದಿನವಾದರೂ ಸಾಕು, ಅಲ್ಲಿಂದ ಶುರು ಮಾಡಿ. ವಾಹನದ ವ್ಯವಸ್ಥೆ ಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರಹದಲ್ಲಿ ಕೊಡಿ. ಅಂಗವಿಕಲರು, ವೃದ್ಧರು, ಹಾಸಿಗೆ ಹಿಡಿದವರ ಪಾಲಿಯೇಟಿವ್ ಆರೈಕೆಗೆ ಪಂಚಾಯತಿನ ಯೋಜನಾ ನಿಧಿಯಲ್ಲಿ ಪಾಲು ಇಡುತ್ತಾರೆ. ಆದರೆ ಗ್ರಾಮಸಭೆಯಲ್ಲಿ ಮನೋರೋಗಿಗಳ ಪರವಾಗಿ ಬಾಯಿ ತೆರೆಯುವವರೇ ಇಲ್ಲದ ಕಾರಣ ಆ ಪಾಲು ಗಾಲಿಕುರ್ಚಿಗೂ ಶ್ರವಣಯಂತ್ರಕ್ಕೂ ಮುಗಿದುಹೋಗುತ್ತದೆ. ಒಂದೇ ಮನೆಯ ಅರ್ಜಿಗಿಂತ, ಆಶಾ ಕಾರ್ಯಕರ್ತೆಯ ಮೂಲಕ ಇಂಥದ್ದೇ ನಾಲ್ಕು ಮನೆ ಹುಡುಕಿ ಒಟ್ಟಿಗೆ ಕೊಟ್ಟ ಅರ್ಜಿಗೆ ತೂಕ.

ತೋಟದ ಕೆಲಸ ಅವನಿಗೆ ಒಗ್ಗಿದೆ ಎಂದರೆ ಅದನ್ನೇ ಬಳಸಿ, ಆದರೆ ಅಳತೆಯಿಟ್ಟು. ದಿನಾ ಒಂದೇ ಹೊತ್ತು, ಮೊದಲಿಗೆ 45 ನಿಮಿಷ, ಎರಡು ವಾರ ನಿಂತರೆ ಸ್ವಲ್ಪ ಹೆಚ್ಚಿಸಿ. ಬಿದ್ದ ಅಡಿಕೆ ಹೆಕ್ಕುವುದು, ಸುಲಿಯುವುದು, ಬುಡಕ್ಕೆ ಸೊಪ್ಪು ಹಾಕುವುದು. ಹೀಗೆ ಶುರು ಎಲ್ಲಿ, ಮುಗಿತ ಎಲ್ಲಿ ಎಂದು ಕಣ್ಣಿಗೆ ಕಾಣುವ ಕೆಲಸ ಒಳ್ಳೆಯದು. ‘ಏನಾದರೂ ಮಾಡು’ ಎಂದರೆ ಏನೂ ಆಗುವುದಿಲ್ಲ. ಮಾಡಿದ್ದಕ್ಕೆ ಕೂಲಿ ಕೊಡಿ, ಅವನ ಕೈಗೇ. ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಕಳಿಸಬೇಡಿ, ಈ ಮದ್ದುಗಳು ಮೈಯ ಶಾಖ ಇಳಿಸುವ ಶಕ್ತಿಯನ್ನು ಕುಗ್ಗಿಸುತ್ತವೆ.

ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಆಧಾರ್, ಫೋಟೋ, ಚಿಕಿತ್ಸಾ ದಾಖಲೆ ಬೇಕು. ಆಮೇಲೆ ಮೆಡಿಕಲ್ ಬೋರ್ಡಿನ ಕರೆ ಬರುತ್ತದೆ. ಮನೋರೋಗಕ್ಕೆ ಬಳಸುವುದು ‘ಐಡಿಯಾಸ್’ ಎಂಬ ಮಾಪನ. ಸ್ವಂತ ಶುಚಿ-ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೆ ತಲಾ 0ಯಿಂದ 4 ಅಂಕ. ಜೊತೆಗೆ ಕಾಯಿಲೆಯ ಅವಧಿಗೆ ಅಂಕ: 2 ವರ್ಷದೊಳಗೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10ಕ್ಕೆ 3, 10 ದಾಟಿದರೆ 4. ಒಟ್ಟು 7 ಬಂದರೆ, ಸೌಲಭ್ಯಗಳಿಗೆ ಬೇಕಾದ ಶೇ. 40ರ ಗೆರೆ ಮುಟ್ಟುತ್ತದೆ. 14ರಿಂದ ಮೇಲೆ ತೀವ್ರ. ಉದಾಹರಣೆಗೆ ಶುಚಿಗೆ 1, ಒಡನಾಟಕ್ಕೆ 1, ಮಾತಿಗೆ 0, ಕೆಲಸಕ್ಕೆ 2 ಎಂದಿಟ್ಟುಕೊಳ್ಳಿ, ಒಟ್ಟು 4. ಒಂಬತ್ತು ವರ್ಷದ ದಾಖಲೆ ಇದ್ದರೆ 3 ಸೇರಿ 7, ಗೆರೆ ಮುಟ್ಟಿತು. ಹಳೆಯ ಕಾಗದ ಕಳೆದು ನಾಲ್ಕೇ ವರ್ಷದ್ದು ತೋರಿಸಿದರೆ 6, ಗೆರೆಯಿಂದ ಕೆಳಗೆ. ಮಂಗಳೂರಿನ ಪತ್ರದಲ್ಲಿ ಮೊದಲು ತೋರಿಸಿದ ತಾರೀಕು ಬರೆಸಿ ಎಂದದ್ದು ಇದಕ್ಕೇ.

ಬೋರ್ಡಿನ ಮುಂದೆ ಇನ್ನೊಂದು ಎಡವಟ್ಟು ಆಗುತ್ತದೆ. ಅಂದು ಗಡ್ಡ ಬೋಳಿಸಿ ಇಸ್ತ್ರಿ ಅಂಗಿ ಹಾಕಿಸಿ ಕರೆದುಕೊಂಡು ಹೋಗಿ, ‘ಈಗ ಪರವಾಗಿಲ್ಲ ಸಾರ್’ ಎಂದು ಅಪ್ಪ ಮಾನ ಕಾಯುತ್ತಾರೆ. ಸುಳ್ಳು ಹೇಳುವುದು ಬೇಡ, ಮುಚ್ಚಿಡುವುದೂ ಬೇಡ. ಸ್ನಾನಕ್ಕೆ ಎಷ್ಟು ಸಲ ಹೇಳಬೇಕು, ಒಬ್ಬನೇ ಬಸ್ಸಿನಲ್ಲಿ ಹೋಗುತ್ತಾನೆಯೇ, ಹಣದ ಲೆಕ್ಕ ಗೊತ್ತಾಗುತ್ತದೆಯೇ, ಕಳೆದ ವರ್ಷ ಎಷ್ಟು ತಿಂಗಳು ಕೆಲಸಕ್ಕೆ ಇಳಿಯಲಿಲ್ಲ, ಇವನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಕಾರ್ಡು ಬಂದಾಗ ಅವಧಿ ನೋಡಿ. ಮನೋರೋಗಕ್ಕೆ ಸಾಮಾನ್ಯವಾಗಿ ಕೆಲವು ವರ್ಷಕ್ಕಷ್ಟೇ ಕೊಡುತ್ತಾರೆ, ಮುಗಿಯುವ ಮುನ್ನ ಮತ್ತೆ ಅರ್ಜಿ. ಯು.ಡಿ.ಐ.ಡಿ. ದೇಶದಾದ್ಯಂತ ನಡೆಯುತ್ತದೆ. ಆದರೆ ಕರ್ನಾಟಕದ ಪಿಂಚಣಿ ಯೋಜನೆಗಳು ಅಲ್ಲಿನ ನಿವಾಸಿಗಳಿಗೆ. ನಿಮ್ಮ ಪುತ್ತೂರಿನ ವಿಳಾಸ ತೋರಿಸಿ ಅರ್ಜಿ ಹಾಕುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಎರಡೂ ಕಡೆ ಸಿಕ್ಕಿಬೀಳುತ್ತೀರಿ. ಕೇರಳದ ಅಂಗವಿಕಲ ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ದಾಟಬಾರದು. ತಂದೆಯವರ ಪಿಂಚಣಿ ಇರುವುದರಿಂದ ನಿಮಗೆ ಅದು ಸಿಗುವುದು ಕಷ್ಟ.

ಭಾಷೆಯ ಬಗ್ಗೆ: ಭಾಷಾ ಅಲ್ಪಸಂಖ್ಯಾತರಾಗಿ ಕಾಸರಗೋಡಿನವರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಚಿಕಿತ್ಸೆಯ ಮಾತುಕತೆಗೆ ಮಾತ್ರ ಕಾಯ್ದೆ ಸಾಲದು. ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲ ನರ್ಸ್ ಅಥವಾ ಆಶಾ ಜೊತೆಗಿರಲಿ. ರಾತ್ರಿ ಹೊತ್ತಲ್ಲಿ ಸಲಹೆ ಬೇಕಾದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416. ಭಾಷೆಯ ಆಯ್ಕೆಯಲ್ಲಿ ಕನ್ನಡವಿದೆ.

ಕೆಡುವ ದಿನಕ್ಕೆ ಮೊದಲೇ ಸಿದ್ಧರಾಗಿ. ಎರಡು ರಾತ್ರಿ ನಿದ್ದೆಯಿಲ್ಲ, ಒಬ್ಬನೇ ಗೊಣಗುತ್ತಾನೆ, ಫೋನು ಬಚ್ಚಿಡುತ್ತಾನೆ. ಅವನಿಗೆ ಮೊದಲು ಕಾಣುವ ಸೂಚನೆ ಯಾವುದೆಂದು ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ, ಅದನ್ನು ಬರೆದಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅವನು ಚೆನ್ನಾಗಿರುವಾಗಲೇ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ಆರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು, ಸ್ಟಾಂಪ್ ಪೇಪರ್ ಬೇಡ, ಪ್ರತಿನಿಧಿಯ ಲಿಖಿತ ಒಪ್ಪಿಗೆ ಬೇಕು. ಅವನು ಒಪ್ಪಿದರೆ ಅದು ನೀವಾಗಿರಿ. ಪುತ್ತೂರಿನಲ್ಲಿದ್ದರೂ ಅಡ್ಡಿಯಿಲ್ಲ, ಅದು ಕೇಂದ್ರದ ಕಾಯ್ದೆ. ಅವನು ಒಪ್ಪದ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾದರೆ ಪ್ರತಿನಿಧಿಯ ಅರ್ಜಿಯ ಮೇಲೆ, ಮನೋವೈದ್ಯರೂ ಸೇರಿ ಇಬ್ಬರು ಪರೀಕ್ಷಿಸಿ, 30 ದಿನದವರೆಗೆ ದಾಖಲಿಸಬಹುದು. ತೀರಾ ತುರ್ತಿದ್ದರೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರಿಲ್ಲ ಎಂದು ಹತ್ತಿರದ ಆಸ್ಪತ್ರೆ ಬಾಗಿಲಲ್ಲೇ ಹಿಂದೆ ಕಳಿಸಬೇಕಾಗಿಲ್ಲ.

ಆಶ್ರಮದ ಮಾತಿಗೆ ನನ್ನ ಸಲಹೆ: ಈಗ ಬೇಡ. ಮದ್ದು ತೆಗೆದುಕೊಂಡಾಗ ತೋಟದಲ್ಲಿ ದುಡಿಯುವವನಿಗೆ ಬೇಕಾದ್ದು ಮದ್ದು ತಪ್ಪದಂತೆ ನೋಡುವ ವ್ಯವಸ್ಥೆ. ಅದಕ್ಕಾಗಿ ಊರು ಬಿಡಿಸಬೇಕಾಗಿಲ್ಲ. ಮಂಜೇಶ್ವರದ ಪಾವೂರಿನ ಸ್ನೇಹಾಲಯದಂಥ ಕೇಂದ್ರಗಳು ಬೀದಿಯಲ್ಲಿ ಅಲೆಯುವವರನ್ನು ಕರೆತಂದು ನೋಡಿಕೊಳ್ಳಲು ಹುಟ್ಟಿದವು. ಮುಂದೆಂದಾದರೂ ವಸತಿ ಕೇಂದ್ರ ಅನಿವಾರ್ಯವಾದರೆ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ, ಮದ್ದಿನ ಕೀಲಿ ಯಾರ ಕೈಯಲ್ಲಿ, ಹೇಳದೆ ಕೇಳದೆ ಬಂದು ನೋಡಬಹುದೇ ಎಂದು ವಿಚಾರಿಸಿ, ರಾತ್ರಿ ಬಾಗಿಲು ಹೇಗೆ ಹಾಕುತ್ತಾರೆಂದು ಕಣ್ಣಾರೆ ನೋಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ಆಶ್ರಮಕ್ಕೆ ಬೆಂಕಿ ಬಿದ್ದಾಗ 28 ರೋಗಿಗಳು ಸಂಕೋಲೆಯಲ್ಲಿದ್ದ ಕಾರಣಕ್ಕೆ ಓಡಲಾಗದೆ ಸತ್ತರು. ಈಗ ಸರಪಳಿ ಹಾಕುವುದು ಕಾನೂನುಬಾಹಿರ. ಬೀಗ ಹಾಕಿದ ಕೋಣೆ ಕಂಡರೂ ಹಿಂದಿರುಗಿ ಬನ್ನಿ.

ಅಪ್ಪ-ಅಮ್ಮನ ನಂತರದ ಪ್ರಶ್ನೆಗೆ ಬಹಳ ಜನ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪಾಲಕತ್ವ ಎನ್ನುತ್ತಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ. ಸ್ಕಿಜೋಫ್ರೀನಿಯಾಕ್ಕೆ ಅನ್ವಯಿಸುವುದಿಲ್ಲ, ಜಿಲ್ಲಾಧಿಕಾರಿ ಕಚೇರಿಯ ಆ ಸಮಿತಿಗೆ ಅರ್ಜಿ ಹಾಕಿ ಕಾಯಬೇಡಿ. ಜಾಗದ ವಿಷಯದಲ್ಲಿ ತಂದೆಯವರು ಈಗಲೇ ಉಯಿಲು ಬರೆದು, ತಮ್ಮನ ಪಾಲು ಯಾರ ಉಸ್ತುವಾರಿಯಲ್ಲಿ, ಅದರ ಉತ್ಪತ್ತಿ ಅವನ ಖರ್ಚಿಗೆ ಹೇಗೆ ಎಂದು ಸ್ಪಷ್ಟಪಡಿಸಲಿ. ವಕೀಲರ ಖರ್ಚಿಗೆ ಹೆದರಬೇಡಿ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ನಿಮ್ಮ ಮನೆಗೆ ಎಲ್ಲಕ್ಕಿಂತ ದೊಡ್ಡ ಆಸರೆ ತಂದೆಯವರ ಪಿಂಚಣಿಯಲ್ಲೇ ಇದೆ, ಅದನ್ನು ನೀವು ಕೇಳಲೇ ಇಲ್ಲ. ದುಡಿದು ಬದುಕಲಾಗದಷ್ಟು ಮಾನಸಿಕ ಕಾಯಿಲೆ ಇರುವ ಮಗ ಅಥವಾ ಮಗಳಿಗೆ, ತಂದೆ-ತಾಯಿ ಇಬ್ಬರ ನಂತರ, ವಯಸ್ಸಿನ ಮಿತಿಯಿಲ್ಲದೆ ಕುಟುಂಬ ಪಿಂಚಣಿ ಸಲ್ಲುತ್ತದೆ. ಇದಕ್ಕೆ ಶೇ. 40ರ ಕಾರ್ಡು ಸಾಲದು, ‘ಸ್ವಂತವಾಗಿ ಸಂಪಾದಿಸಿ ಬದುಕಲು ಅಸಮರ್ಥ’ ಎಂಬ ವೈದ್ಯಕೀಯ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ಅವನ ಸ್ವಂತ ಆದಾಯವನ್ನೂ ನೋಡುತ್ತಾರೆ. ತಂದೆಯವರ ಪಿಂಚಣಿ ಪುಸ್ತಕ, ತಮ್ಮನ ಆಧಾರ್, ಚಿಕಿತ್ಸಾ ಪತ್ರ ಹಿಡಿದು ಪಿಂಚಣಿ ತೆಗೆಯುವ ಟ್ರೆಜರಿಯಲ್ಲೂ ಅವರು ನಿವೃತ್ತರಾದ ಶಾಲೆಯ ಮೇಲಿನ ಶಿಕ್ಷಣ ಕಚೇರಿಯಲ್ಲೂ ವಿಧಾನ ಕೇಳಿ, ತಂದೆಯವರ ಸಹಿಯಲ್ಲೇ ಅರ್ಜಿ ಕೊಡಿಸಿ. ಇಬ್ಬರೂ ಹೋದ ಮೇಲೆ ಈ ಹಕ್ಕನ್ನು ಸಾಬೀತು ಮಾಡುವ ಹೊಣೆ ರೋಗಿಯ ಮೇಲೇ ಬೀಳುತ್ತದೆ. ಮೂವತ್ತು ವರ್ಷ ಹಿಂದಿನ ಸೇವಾ ದಾಖಲೆಗಾಗಿ ಅವನು ಕಚೇರಿ ಕಚೇರಿ ಅಲೆಯಲಾರ.